ಟ್ಯಾರೋ ಕಾರ್ಡೂ ನಮ್ಮ ಮನೆಯ ಜಗಳವೂ

ಸೋದರಿಯರೇ, ನಿಮ್ಮಲ್ಲಿ ಎಷ್ಟು ಮಂದಿಗೆ ‘ಆಗೋಲ್ಲ’ ಎಂದು ಬಾಯಿಬಿಟ್ಟು ಹೇಳುವ ಅಭ್ಯಾಸವಿದೆ? ನನಗಂತೂ ಇರಲಿಲ್ಲ. ನಲವತ್ತು ದಾಟಿದ ಮೇಲೆ, ಅದೂ ಇಸ್ಪೀಟಿನ ಎಲೆಯಂಥ ಒಂದು ಕಾರ್ಡನ್ನು ಮುಂದಿಟ್ಟುಕೊಂಡು ಆ ಮಾತು ಕಲಿತೆ ಎಂದರೆ ನೀವು ನಗಬಹುದು. ನಗಿ, ಆದರೆ ಪೂರ್ತಿ ಓದಿ ಆಮೇಲೆ ನಗಿ!

ನಮ್ಮದು ಕನಕಪುರ ತಾಲ್ಲೂಕಿನ ಕೋಡಿಹಳ್ಳಿ. ಸ್ವಲ್ಪ ರಾಗಿ, ಸ್ವಲ್ಪ ಹಿಪ್ಪುನೇರಳೆ, ಎರಡು ಹಸು, ವರ್ಷಕ್ಕೆ ನಾಲ್ಕೈದು ಬೆಳೆ ರೇಷ್ಮೆಹುಳು. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ನಮ್ಮ ಬೀದಿಯ ಹೆಂಗಸರ ಸಂಘದಲ್ಲಿ ನಾನೂ ಒಬ್ಬಳು. ಮೂರು ವರ್ಷದ ಹಿಂದೆ ಒಂದು ಸಂಜೆ ನಾದಿನಿ ಬಂದಳು. “ಹಸು ಕೊಳ್ಳಬೇಕು, ನಿನ್ನ ಹೆಸರಲ್ಲಿ ಸಂಘದಿಂದ ಒಂದು 40,000 ತೆಗೆಸಿಕೊಡತ್ಗೆ, ತಿಂಗಳು ತಿಂಗಳು ನಾನೇ ಕಟ್ಟುತೀನಿ” ಎಂದಳು. ಅತ್ತೆ ಪಕ್ಕದಲ್ಲೇ ಕೂತಿದ್ದರು. ಹೂಂ ಅಂದುಬಿಟ್ಟೆ. ಪ್ರೀತಿಯಿಂದ ಅಂದೆ ಎಂದು ಆಗ ತಿಳಿದಿದ್ದೆ. ಈಗ ನೋಡಿದರೆ, ಒಳ್ಳೆಯ ಸೊಸೆ ಅನ್ನಿಸಿಕೊಳ್ಳುವ ಆಸೆಯೇ ಅದರಲ್ಲಿ ಮುಕ್ಕಾಲು ಪಾಲು.

ತಿಂಗಳಿಗೆ 2,000ದಂತೆ 20 ಕಂತು. ಅವಳು 5 ಕಟ್ಟಿದಳು, ನಿಲ್ಲಿಸಿದಳು. ಉಳಿದ 15 ಕಂತು, 30,000 ರೂಪಾಯಿ, ನಾನೇ ಕಟ್ಟಿದೆ. ಕಟ್ಟದೆ ಬಿಡುವ ಹಾಗಿಲ್ಲ. ಒಬ್ಬಳು ತಪ್ಪಿದರೆ ಉಳಿದವರಿಗೂ ಮುಂದಿನ ಸಾಲ ಸಿಗುವುದಿಲ್ಲ, ದಿನಾ ಬೆಳಗ್ಗೆ ನಲ್ಲಿ ಹತ್ತಿರ ಅವರ ಮುಖ ನೋಡಬೇಕು. ರಾಮನಗರದ ಮಾರುಕಟ್ಟೆಗೆ ಗೂಡು ಹಾಕಿ ಬಂದ ದುಡ್ಡು, ಹಾಲಿನ ದುಡ್ಡು, ಮಗಳ ಕಾಲೇಜಿಗೆಂದು ಎತ್ತಿಟ್ಟಿದ್ದು, ಎಲ್ಲ ಅದಕ್ಕೇ ಹೋಯಿತು. ಯಜಮಾನರನ್ನು ಕೇಳಿದರೆ “ನಿಮ್ಮಿಬ್ಬರ ಮಧ್ಯೆ ನನ್ನ ಎಳೀಬೇಡ” ಅಂದರು. ಸಾಲ ತೀರಿದ ಎರಡೇ ತಿಂಗಳಿಗೆ ನಾದಿನಿ ಮತ್ತೆ ಬಂದು, ಈ ಸಲ 50,000 ಎಂದಳು. “ನೋಡೋಣ” ಎಂದು ಹೇಳಿ ಒಳಗೆ ಹೋಗಿ ಪಾತ್ರೆ ಕುಕ್ಕಿದೆ. ನಾವು ಹೆಂಗಸರು ಜಗಳವನ್ನು ಪಾತ್ರೆಯ ಮೇಲೆ ತಾನೇ ಆಡುವುದು?

ಆ ದೀಪಾವಳಿಗೆ ನನ್ನ ಅಕ್ಕನ ಮಗಳು ಬೆಂಗಳೂರಿಂದ ಬಂದಳು. ಅವಳ ಚೀಲದಲ್ಲಿತ್ತು ಟ್ಯಾರೋ ಕಾರ್ಡಿನ ಕಟ್ಟು. “ಚಿಕ್ಕಮ್ಮ, ಒಂದು ಎತ್ತು” ಎಂದಳು. ನನಗೆ ಥಟ್ಟನೆ ನೆನಪಾದದ್ದು ಸಂತೆಯ ಗಿಣಿಶಾಸ್ತ್ರದವನು. ಪಂಜರದಿಂದ ಗಿಣಿ ಆಚೆ ಬಂದು, ಕೊಕ್ಕಿನಿಂದ ಒಂದು ಕಾರ್ಡು ಎಳೆದು ಕೊಡುತ್ತಿತ್ತು. ಒಳಗೆ ರಾಮನೋ ಲಕ್ಷ್ಮಿಯೋ, ಜೊತೆಗೆ ನಮ್ಮ ಭವಿಷ್ಯ. (ಅಂಥ ಗಿಣಿಯನ್ನು ಪಂಜರದಲ್ಲಿ ಸಾಕುವುದು 1972ರ ವನ್ಯಜೀವಿ ಕಾಯ್ದೆಯಂತೆ ಅಪರಾಧ. ಪಾಪ, ಎಲ್ಲರ ಭವಿಷ್ಯ ಹೇಳಿದ ಪಕ್ಷಿಗೆ ತನ್ನದೇ ಬಿಡುಗಡೆ ಇರಲಿಲ್ಲ.)

ಟ್ಯಾರೋ ಹುಟ್ಟಿದ್ದು ಭವಿಷ್ಯಕ್ಕಲ್ಲ, ಆಟಕ್ಕೆ. ಹದಿನೈದನೇ ಶತಮಾನದಲ್ಲಿ ಇಟಲಿಯ ಶ್ರೀಮಂತರು ಆಡುತ್ತಿದ್ದ ಎಲೆಗಳಂತೆ ಇವು, ನಮ್ಮ ಮೈಸೂರಿನ ಗಂಜೀಫಾ ಇದ್ದ ಹಾಗೆ. ಅದನ್ನು ಶಾಸ್ತ್ರ ಮಾಡಿದವರು ಹದಿನೆಂಟನೇ ಶತಮಾನದ ಫ್ರಾನ್ಸಿನವರು. ಕಟ್ಟಿನಲ್ಲಿ 78 ಕಾರ್ಡು: 22 ದೊಡ್ಡವು, 56 ಚಿಕ್ಕವು. ಚಿಕ್ಕವುಗಳಲ್ಲಿ ಕೋಲು, ಬಟ್ಟಲು, ಕತ್ತಿ, ನಾಣ್ಯ ಎಂದು ನಾಲ್ಕು ಬಗೆ. ಈಗ ಎಲ್ಲೆಲ್ಲೂ ಕಾಣುವ ಚಿತ್ರಗಳು 1909ರಲ್ಲಿ ಲಂಡನ್ನಿನಲ್ಲಿ ಅಚ್ಚಾದವು. ಬರೆದವಳು ಪಮೇಲಾ ಕೋಲ್ಮನ್ ಸ್ಮಿತ್ ಎಂಬ ಹೆಣ್ಣುಮಗಳು. ಆದರೆ ಕಟ್ಟಿಗೆ ಬಹಳ ಕಾಲ ಉಳಿದ ಹೆಸರು ಬರೆಸಿದವನದು, ಅಚ್ಚು ಹಾಕಿಸಿದವನದು. ಎಲ್ಲ ಕಡೆಯೂ ಇದೇ ಕಥೆ ನೋಡಿ!

ಹುಡುಗಿ ಮೂರು ಕಾರ್ಡು ಎತ್ತಿಸಿದಳು. ಮೊದಲನೆಯದು ಜಗಳದ ಬೇರು, ಎರಡನೆಯದು ಅದರಲ್ಲಿ ನನ್ನ ಪಾಲು, ಮೂರನೆಯದು ನಾನು ಆಡಬೇಕಾದ ಮಾತು.

ಮೊದಲು ಬಂದದ್ದು ‘ಎರಡು ಕತ್ತಿ’. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಹೆಂಗಸೊಬ್ಬಳು ಕಲ್ಲಿನ ಮೇಲೆ ಕೂತಿದ್ದಾಳೆ. ಕೈಯಲ್ಲಿ ಎರಡು ಕತ್ತಿ, ಎದೆಯ ಮೇಲೆ ಅಡ್ಡಡ್ಡ. ಹಿಂದೆ ನೀರು, ಚಂದ್ರ. ಎಷ್ಟು ಹೊತ್ತು ನೋಡಿದೆನೋ! ಅವಳ ಕೈಯನ್ನು ಯಾರೂ ಕಟ್ಟಿಲ್ಲ, ತಾನೇ ಹಿಡಿದುಕೊಂಡಿದ್ದಾಳೆ. ಎಷ್ಟು ನೋಯುತ್ತಿರಬೇಕು ಆ ತೋಳು. ಹದಿನೈದು ತಿಂಗಳು ನಾನೂ ಹಾಗೇ ಕೂತಿದ್ದೆನಲ್ಲವೇ? ಅಷ್ಟು ದಿನದಲ್ಲಿ ಒಂದು ಸಲವಾದರೂ ನಾದಿನಿಯ ಮುಖ ನೋಡಿ “ದುಡ್ಡು ಕೊಡು” ಎಂದು ಕೇಳಿರಲಿಲ್ಲ.

ಎರಡನೆಯದು ‘ಐದು ಕತ್ತಿ’. ಮೂರು ಕತ್ತಿ ಹಿಡಿದವನೊಬ್ಬ ಗೆದ್ದೆನೆಂದು ನಿಂತಿದ್ದಾನೆ, ಇಬ್ಬರು ಬೆನ್ನು ತಿರುಗಿಸಿ ಹೋಗುತ್ತಿದ್ದಾರೆ. ನನಗೆ ಮುಖ ಕೆಂಪಾಯಿತು. ಮನೆಯವರ ಕಡೆಯ ಒಂದು ಮದುವೆಯಲ್ಲಿ, ನೂರು ಜನದ ಮುಂದೆ, ನಾದಿನಿಯ ಮಾನ ಕಳೆಯಬೇಕೆಂದು ಮಾತು ಕೂಡ ಜೋಡಿಸಿಟ್ಟುಕೊಂಡಿದ್ದೆ. ಯಾರಿಗೂ ಹೇಳಿರಲಿಲ್ಲ.

ಮೂರನೆಯದರಲ್ಲಿ ಯಾರೋ ಕಮ್ಮಾರನಂಥವನು ಕೂತು ನಾಣ್ಯ ಕುಟ್ಟುತ್ತಿದ್ದ. ಹುಡುಗಿ ಏನೇನೋ ಅರ್ಥ ಹಚ್ಚಿದಳು, ನನಗೆ ಒಂದೂ ಹಿಡಿಸಲಿಲ್ಲ. ಮೂರರಲ್ಲಿ ಎರಡು ತಾಕಿತು, ಒಂದು ತಾಕಲಿಲ್ಲ, ಅಷ್ಟೇ. ಕಾರ್ಡಿಗೆ ನನ್ನ ನಾದಿನಿ ಹೇಗೆ ಗೊತ್ತಿರುತ್ತೆ? ಕಟ್ಟನ್ನೇ ಕೈಗೆ ತೆಗೆದುಕೊಂಡು ಒಂದೊಂದಾಗಿ ತಿರುವಿದೆ. ‘ಕತ್ತಿಯ ರಾಣಿ’ ಸಿಕ್ಕಿದಳು. ಒಂದು ಕೈಯಲ್ಲಿ ಕತ್ತಿ ನೆಟ್ಟಗೆ ಹಿಡಿದಿದ್ದಾಳೆ, ಬೀಸುತ್ತಿಲ್ಲ. ಇನ್ನೊಂದು ಕೈಯನ್ನು ಬನ್ನಿ ಎನ್ನುವಂತೆ ಮುಂದೆ ಚಾಚಿದ್ದಾಳೆ. ಇವಳೇ ಆಗಬೇಕು ಅನ್ನಿಸಿತು. ಅವಳು ತಾನಾಗಿ ಬರಲಿಲ್ಲ, ನಾನೇ ಹುಡುಕಿ ತೆಗೆದೆ.

ನಮ್ಮ ಕಡೆಯವರಿಗೆ ಎಲ್ಲೆ ಎಂದರೇನೆಂದು ಹೊಸದಾಗಿ ಹೇಳಬೇಕೇ? ಪಕ್ಕದ ಹೊಲದವನ ನೇಗಿಲು ಬದು ದಾಟಿ ಒಂದು ಸಾಲು ಈಚೆ ಬಂದರೆ ಸಾಕು, ಗಂಡಸರು ಸರ್ವೆಯವರನ್ನು ಕರೆಸಿ ಬಾಂದುಕಲ್ಲು ಹುಡುಕಿಸುತ್ತಾರೆ. ಅಷ್ಟೇಕೆ, ಹುಳುಮನೆಯನ್ನೇ ನೋಡಿ. ಬಾಗಿಲಿಗೆ ಸುಣ್ಣ, ಬ್ಲೀಚಿಂಗ್ ಪುಡಿ, ಉಜಿ ನೊಣ ನುಗ್ಗದಂತೆ ಕಿಟಕಿಗೆ ಬಲೆ. ನಾಲ್ಕನೇ ಜ್ವರ ಎದ್ದ ಹುಳು ಸೊಪ್ಪು ಮೇಯುತ್ತಿರುವಾಗ ಸ್ವಂತ ಅಕ್ಕನೇ ಬಂದರೂ “ಆಚೆ ಜಗಲಿ ಮೇಲೆ ಕೂತ್ಕೊಳ್ಳಿ, ಕಾಫಿ ಅಲ್ಲಿಗೇ ತರ್ತೀನಿ” ಅನ್ನುತ್ತೇವೆ. ಅವರಿಗೆ ಬೇಜಾರಿಲ್ಲ, ನಮಗೆ ಅಳುಕಿಲ್ಲ. ಹುಳುವಿಗಾಗಿ ಬಾಯಿಗೆ ಬರುವ ಮಾತು ನಮಗಾಗಿ ಏಕೆ ಬರುವುದಿಲ್ಲವೋ!

ಕಾರ್ತಿಕ ಮಾಸದಲ್ಲಿ ನಾದಿನಿ ಬಂದಾಗ, ಕಾಫಿ ಕೊಟ್ಟು, ಎದುರು ಕೂತು ಹೇಳಿದೆ. ಎಂಟು ದಿನ ಒಲೆಯ ಮುಂದೆ ಅಭ್ಯಾಸ ಮಾಡಿದ ಮಾತು. “ಸಾಲಕ್ಕೆ ಇನ್ನು ನನ್ನ ಹೆಸರು ಕೊಡೋದಿಲ್ಲ ಕಣೇ. ಹಳೇದು 30,000 ನನಗೆ ವಾಪಸ್ಸು ಬರಬೇಕು, ನಿನ್ನ ಕೈಲಾದಷ್ಟು ಕೊಡ್ತಾ ಹೋಗು. ನೀನು ಬರೋದು ಹೋಗೋದಕ್ಕೂ ಇದಕ್ಕೂ ಸಂಬಂಧ ಇಲ್ಲ, ಇದು ನಿನ್ನ ತವರುಮನೆ.” ಅತ್ತೆಯವರು ಒಳಗಿಂದ “ಹೆಣ್ಣುಮಗಳು ತವರಿಂದ ಬರಿಗೈಲಿ ಹೋಗಬಾರದು ಕಣವ್ವ” ಎಂದರು. “ಬರಿಗೈಲಿ ಯಾಕತ್ತೆ, ಅಕ್ಕಿ, ಬೆಲ್ಲ, ತೆಂಗಿನಕಾಯಿ ಕಟ್ಟಿಟ್ಟಿದ್ದೀನಿ” ಎಂದೆ. ಧ್ವನಿ ನಡುಗಿತು. ನಾದಿನಿ ಚೀಲ ಮುಟ್ಟದೆ ಎದ್ದು ಹೋದಳು.

ನೀವೂ ಹೀಗೆ ಮಾಡಿ ನೋಡುವುದಾದರೆ, ಕಾರ್ಡನ್ನು “ಅವಳ ಮನಸ್ಸಿನಲ್ಲಿ ಏನಿದೆ” ಎಂದು ಕೇಳಬೇಡಿ. ಅದು ಚಾಡಿ ಕೇಳಿದ ಹಾಗೆ. “ನಾನು ಏನು ಮಾಡಲಿ” ಎಂದು ಕೇಳಿ, ಚಿತ್ರದಲ್ಲಿ ನಿಮ್ಮನ್ನು ಹುಡುಕಿ. ಹೊಳೆದದ್ದನ್ನು ಹಳೇ ಕ್ಯಾಲೆಂಡರಿನ ಹಿಂದೆ ಒಂದೇ ಸಾಲಿನಲ್ಲಿ ಬರೆಯಿರಿ. ಎರಡು ಸಾಲಾದರೆ ಅದರಲ್ಲಿ ಬೈಗುಳ ಸೇರಿರುತ್ತದೆ, ಹೊಡೆದುಹಾಕಿ. (ನಾನು ಆಡಿದ್ದು ಮೂರು ಮಾತಾಯಿತು, ಬಿಡಿ.) ಕೋಪ ಇಳಿಯುವ ತನಕ ಆಡಬೇಡಿ. ದೊಡ್ಡ ಕಾರ್ಡುಗಳಲ್ಲಿ ‘ಶಕ್ತಿ’ ಎಂಬುದೊಂದಿದೆ. ಹೂವಿನ ಹಾರ ತೊಟ್ಟ ಹೆಣ್ಣು ಸಿಂಹದ ಬಾಯನ್ನು ಬರಿಗೈಲಿ ಮೆಲ್ಲಗೆ ಮುಚ್ಚುತ್ತಿದ್ದಾಳೆ. ಆ ಸಿಂಹ ನನ್ನ ನಾಲಿಗೆಯೇ ಎಂದುಕೊಂಡಿದ್ದೇನೆ. ಕಾರ್ಡೇ ಇಲ್ಲದಿದ್ದರೂ ನಷ್ಟವಿಲ್ಲ, ಆ ಮೂರು ಪ್ರಶ್ನೆ ಸಾಕು. ಇನ್ನು ಫೋನಿನಲ್ಲಿ ಕಾರ್ಡು ನೋಡಿ, ದೋಷವಿದೆ, ಪರಿಹಾರಕ್ಕೆ ಇಷ್ಟು ಕಳಿಸಿ ಎನ್ನುವವರಿದ್ದಾರೆ. ಸಾಲದ ಚಿಂತೆಗೆ ಇನ್ನೊಂದು ಸಾಲ!

ಒಂದು ಮಾತು ಮಾತ್ರ ಕಟ್ಟುನಿಟ್ಟಾಗಿ ಹೇಳುತ್ತೇನೆ. ಗಂಡ ಕೈ ಎತ್ತುವ ಮನೆಯಲ್ಲಿ ಕಾರ್ಡು ಎತ್ತುತ್ತಾ ಕೂರಬೇಡಿ. ಅಲ್ಲಿ ಮೃದು ಮಾತಿನಿಂದ ಎಲ್ಲೆ ಹಾಕಲಾಗದು, ಹೇಳಲು ಹೋಗಿ ಇನ್ನೂ ಅಪಾಯವಾದೀತು. 181ಕ್ಕೆ ಫೋನು ಮಾಡಿ, ತಕ್ಷಣದ ಅಪಾಯವಿದ್ದರೆ 112. ಹೊಡೆತಕ್ಕಷ್ಟೇ ಅಲ್ಲ, ಹೀನಾಯದ ಮಾತಿಗೂ, ದುಡ್ಡು ಕಿತ್ತುಕೊಳ್ಳುವುದಕ್ಕೂ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಇದೆ. ದಾರಿ ತಿಳಿಯದಿದ್ದರೆ ಊರಿನ ಅಂಗನವಾಡಿ ಟೀಚರನ್ನು ಕೇಳಿ.

ನನ್ನ ಕಥೆಗೆ ಬರುತ್ತೇನೆ. ಅತ್ತೆ ಎಂಟು ದಿನ ನನ್ನೊಡನೆ ಮಾತು ಬಿಟ್ಟರು. ಸಂಕ್ರಾಂತಿಗೆ ಎಳ್ಳು ಬೀರಲು ನಾದಿನಿ ಬರಲಿಲ್ಲ. ರಾತ್ರಿ ಎದ್ದು ಕೂತು, ತಪ್ಪು ಮಾಡಿದೆನೇ ಎಂದು ಅತ್ತದ್ದೂ ಉಂಟು. ಯುಗಾದಿ ಕಳೆದು ಹೊಸತೊಡಕಿನ ದಿನ ಮಸಾಲೆ ಅರೆಯುತ್ತಿದ್ದೆ, ಬಾಗಿಲಲ್ಲಿ ಅವಳು, ಜೊತೆಗೆ ಮಕ್ಕಳು. ಏನೂ ಆಗದವಳಂತೆ ಈರುಳ್ಳಿ ಹೆಚ್ಚಲು ಕೂತಳು. ಊಟವಾಗಿ ಹೊರಡುವಾಗ ಸಾಸಿವೆ ಡಬ್ಬಿಯ ಕೆಳಗೆ ಎರಡು ಐನೂರರ ನೋಟಿಟ್ಟು “ಸಂಘದ್ದು” ಎಂದಳು. ಅದಾದ ಮೇಲೆ ಎರಡು ತಿಂಗಳು ತಪ್ಪಿಸಿದ್ದಾಳೆ, ನಾಲ್ಕು ತಿಂಗಳು ಕೊಟ್ಟಿದ್ದಾಳೆ. ತಪ್ಪಿಸಿದಾಗ ನಾನು ಕೇಳುತ್ತೇನೆ. ಇನ್ನು 25,000 ಬಾಕಿ ಇದೆ.