ಚಿತ್ರಸಂಕಲನದ ಮೊದಲ ಪಾಠಗಳು

ಯಳಂದೂರು ತಾಲ್ಲೂಕಿನ ಅಗರದಂತಹ ಊರಿನಿಂದ ಮಗನಾಗಲಿ ಮಗಳಾಗಲಿ ಪಟ್ಟಣಕ್ಕೆ ಹೋಗಿ ಮಾಧ್ಯಮವಿದ್ಯೆಯನ್ನು ಕಲಿಯುವೆನೆಂದರೆ ಮನೆಯ ಹಿರಿಯರಿಗೆ ಕಳವಳವಾಗುವುದು ಸಹಜವೇ. ಇರುಳೆಲ್ಲ ಗಣಕಯಂತ್ರದ ಮುಂದೆ ಕುಳಿತು ವೀಡಿಯೊ ತುಣುಕುಗಳನ್ನು ಕತ್ತರಿಸಿ ಜೋಡಿಸುವುದೂ ಒಂದು ಓದೇ ಎಂದು ಅವರು ಕೇಳುವರು. ಅದರ ಮೊದಲ ಪಾಠಗಳನ್ನು ತಿಳಿದರೆ ಈ ಸಂಶಯವು ತಾನಾಗಿ ನೀಗೀತು.

ಈ ವಿದ್ಯೆಗೆ ಸಂಕಲನವೆಂದು ಹೆಸರು. ಕನ್ನಡದ ಮೊದಲ ವಾಕ್ಚಿತ್ರವಾದ ‘ಸತಿ ಸುಲೋಚನ’ವು ತೆರೆಗೆ ಬಂದ 1934ರ ಕಾಲದಲ್ಲಿ ಸಂಕಲನಕಾರರು ಚಿತ್ರಸುರುಳಿಯನ್ನೇ ಕತ್ತರಿಸಿ ಅಂಟಿಸಬೇಕಾಗಿದ್ದಿತು. ಈಗಿನ ಯಂತ್ರದಲ್ಲಿ ಕತ್ತರಿಯು ಮೂಲಕ್ಕೆ ತಾಗದು. ಎಲ್ಲಿಂದ ಎಲ್ಲಿಯವರೆಗೆ ತೋರಿಸಬೇಕೆಂಬ ಸೂಚನೆ ಮಾತ್ರ ಬದಲಾಗುವುದು. ಆದರೆ ಮೂಲವೇ ಅಳಿಸಿಹೋದರೆ ಪಟ್ಟ ಶ್ರಮವೆಲ್ಲ ವ್ಯರ್ಥ. ಆದುದರಿಂದ ಅದನ್ನು ಎರಡು ಕಡೆಗಳಲ್ಲಿ ಕಾಪಿಟ್ಟು, ಪ್ರತಿಯೊಂದು ತುಣುಕಿಗೂ ಹೆಸರಿಡುವುದೇ ಮೊದಲನೆಯ ಪಾಠ.

ಎರಡನೆಯದು ಆಯ್ಕೆ. ವಿದ್ಯಾರ್ಥಿಯು ಯಳಂದೂರಿನ ಗೌರೀಶ್ವರ ದೇವಾಲಯದ ಬಳೆಮಂಟಪವನ್ನು ಚಿತ್ರಿಸಿ ತಂದನೆನ್ನೋಣ. ಮೊದಲು ದೂರದಿಂದ ಇಡೀ ಮಂಟಪ, ಬಳಿಕ ಗೋಡೆಯ ಶಿಲ್ಪ, ಕೊನೆಗೆ ತೀರ ಸಮೀಪದಿಂದ ಆ ಹೆಸರಿಗೆ ಕಾರಣವಾದ ಕಲ್ಲಿನ ಬಳೆಗಳು. ಹೀಗೆ ಜೋಡಿಸಿದರೆ ನೋಡುವವರ ಕಣ್ಣಿಗೆ ದಾರಿ ದೊರೆಯುವುದು. ನಮ್ಮ ದೇಶದ ದೂರದರ್ಶನ ಪದ್ಧತಿಯಲ್ಲಿ ಒಂದು ಸೆಕೆಂಡಿಗೆ 25 ಚಿತ್ರಗಳು ಓಡುವುವು. ಐದಾರು ಹೆಚ್ಚುಕಡಿಮೆಯಾದರೂ ಲಯವು ಕೆಡುವುದುಂಟು.

ಮೂರನೆಯದು ಧ್ವನಿ. ಮುಂದಿನ ದೃಶ್ಯದ ಸದ್ದು ತುಸು ಮೊದಲೇ ಕೇಳಿಸಿದರೆ ಜೋಡಣೆಯ ಗಂಟು ಕಾಣಿಸದು.

ಇನ್ನೊಂದು ಪಾಠವಿದೆ; ಅದೇ ಎಲ್ಲಕ್ಕಿಂತಲೂ ಕಠಿನವಾದುದು. ರಷ್ಯಾ ದೇಶದ ಲೆವ್ ಕುಲೆಶೋವನು ಸುಮಾರು 1920ರ ವೇಳೆಗೆ ನಟನೊಬ್ಬನ ಒಂದೇ ಮುಖಚಿತ್ರವನ್ನು ಒಮ್ಮೆ ಸಾರಿನ ಬಟ್ಟಲಿನ ಪಕ್ಕದಲ್ಲಿಯೂ ಇನ್ನೊಮ್ಮೆ ಶವಪೆಟ್ಟಿಗೆಯ ಪಕ್ಕದಲ್ಲಿಯೂ ಜೋಡಿಸಿ ತೋರಿಸಿದನಂತೆ. ಮುಖವು ಬದಲಾಗದಿದ್ದರೂ ನೋಡಿದವರು ಅದರಲ್ಲಿ ಮೊದಲು ಹಸಿವನ್ನೂ ಆಮೇಲೆ ದುಃಖವನ್ನೂ ಕಂಡರೆಂದು ಹೇಳುವರು. ಜೋಡಣೆಗೆ ಇಷ್ಟು ಶಕ್ತಿಯಿರುವಾಗ ಅದರಿಂದ ಸುಳ್ಳನ್ನೂ ಹೇಳಬಹುದಲ್ಲವೆ? “ಹಿಂದಿನ ಕಾಲವೇ ಚೆನ್ನಾಗಿತ್ತೆಂದು ಎಲ್ಲರೂ ಅನ್ನುತ್ತಾರೆ, ಆಗ ಹಸಿದವರಿಗೆ ಗೊತ್ತು ಅದರ ಪಾಡು” ಎಂದು ಊರಿನ ಅಜ್ಜಿಯೊಬ್ಬರು ನುಡಿದರೆನ್ನಿ. ಉತ್ತರಾರ್ಧವನ್ನು ಕತ್ತರಿಸಿಬಿಟ್ಟರೆ ಮುಖವೂ ಅವರದೇ, ದನಿಯೂ ಅವರದೇ; ಮಾತು ಮಾತ್ರ ಅವರದಲ್ಲ. ನಾಳೆ ಸಾವಿರಾರು ಜನರು ನೋಡುವುದು ಆ ತುಂಡನ್ನೇ. ಅಜ್ಜಿಯ ಪರವಾಗಿ ಹೇಳುವವರಾರು?

ಆದುದರಿಂದ ಹಿರಿಯರು ಈ ವಿದ್ಯೆಯನ್ನು ಆಟವೆಂದು ತಳ್ಳಿಬಿಡದೆ, ಮಕ್ಕಳು ಜೋಡಿಸಿದುದನ್ನು ಪಕ್ಕದಲ್ಲಿ ಕುಳಿತು ನೋಡಲಿ. “ಬಿಟ್ಟದ್ದೇನು, ಏಕೆ ಬಿಟ್ಟೆ?” ಎಂದು ಒಮ್ಮೆ ಕೇಳಲಿ. ಅದಕ್ಕೆ ಅಳುಕದೆ ಉತ್ತರ ಕೊಡಬಲ್ಲ ವಿದ್ಯಾರ್ಥಿಯ ಕೈಗೆ ಕತ್ತರಿಯನ್ನು ಧೈರ್ಯವಾಗಿ ಒಪ್ಪಿಸಬಹುದು.