ಹವ್ಯಾಸಿ ರೇಡಿಯೋ ತಂತ್ರಾಂಶವೂ ಅದರ ಪಾಲನೆಯೂ

ಯಾಪಲದಿನ್ನಿಯ ಕಡೆಯ ಮಕ್ಕಳಿಗೆ ಕೃಷ್ಣೆಯ ನೆರೆಯೆಂದರೇನೆಂದು ವಿವರಿಸಬೇಕಾದುದಿಲ್ಲ. ನಾರಾಯಣಪುರದ ಅಣೆಕಟ್ಟಿನಿಂದ ನೀರನ್ನು ಹೆಚ್ಚಾಗಿ ಬಿಟ್ಟ ವರ್ಷಗಳಲ್ಲಿ ಕುರ್ವಕಲಾ, ಕುರ್ವಕುರ್ದಾ ನಡುಗಡ್ಡೆಗಳ ಜನರು ಹೊರಗಣ ಸಂಪರ್ಕವನ್ನು ಕಳೆದುಕೊಂಡುದುಂಟು. 2009ನೆಯ ಇಸವಿಯ ಮಹಾಪೂರವನ್ನು ಹಿರಿಯರು ಮರೆತಿಲ್ಲ. ಇಂತಹ ಸಮಯದಲ್ಲಿ ದೂರವಾಣಿಯ ಗೋಪುರಗಳು ಮೂಕವಾದರೂ, ಒಂದು ಬ್ಯಾಟರಿ, ಒಂದು ನೀಳವಾದ ತಂತಿ, ಒಂದು ಚಿಕ್ಕ ಯಂತ್ರ, ಇಷ್ಟರಿಂದಲೇ ನೂರಾರು ಮೈಲಿ ವಾರ್ತೆ ಕಳುಹಿಸಬಲ್ಲವರು ಹವ್ಯಾಸಿ ರೇಡಿಯೋಗಾರರು. ಸರಕಾರದ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿ, ಪರವಾನಗಿ ಪಡೆದು, ಲಾಭದಾಸೆಯಿಲ್ಲದೆ ಈ ವಿದ್ಯೆಯನ್ನು ಅಭ್ಯಸಿಸುವ ಇವರಿಗೆ ‘ಹ್ಯಾಮ್’ಗಳೆಂದು ಹೆಸರು.

ಇವರ ರೇಡಿಯೋವಿಗೆ ಈಗ ಗಣಕಯಂತ್ರವೂ ಜೊತೆಗೂಡಿದೆ. ಬಾಯಿಂದ ಹೇಳಿದ ಔಷಧಿಯ ಹೆಸರು ಗದ್ದಲದಲ್ಲಿ ತಪ್ಪಾಗಿ ಕೇಳಿಸೀತು. ಅಕ್ಷರರೂಪದಲ್ಲಿ ಕಳುಹಿಸುವುದು ಮೇಲು. ‘ಎಫ್‌ಎಲ್‌ಡಿಜಿ’ ಎಂಬ ತಂತ್ರಾಂಶವು ಅಕ್ಷರಗಳನ್ನು ಸ್ವರಗಳನ್ನಾಗಿ ಮಾರ್ಪಡಿಸಿ ರೇಡಿಯೋವಿಗೆ ಕೊಡುತ್ತದೆ. ಆಚೆಯ ಗಣಕವು ಅವನ್ನು ಮರಳಿ ಅಕ್ಷರಗಳನ್ನಾಗಿ ಮಾಡುತ್ತದೆ. 1993ರಲ್ಲಿ ಭೌತಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡ ಜೋಸೆಫ್ ಟೇಲರ್ ಎಂಬ ಪಂಡಿತರು ತಮ್ಮ ಸಂಗಡಿಗರೊಡನೆ 2017ರಲ್ಲಿ ಹೊರತಂದ ‘ಎಫ್‌ಟಿ8’ ಎಂಬ ಪದ್ಧತಿಯಾದರೋ, ಕಿವಿಗೆ ಕೇಳಿಸದಷ್ಟು ಕ್ಷೀಣವಾದ ಸಂಕೇತವನ್ನೂ ಓದಬಲ್ಲುದು. ಅದರಲ್ಲಿ ಒಬ್ಬೊಬ್ಬರ ಸರದಿಗೆ 15 ಸೆಕೆಂಡುಗಳು. ಗಣಕದ ಗಡಿಯಾರವು ಎರಡು ಮೂರು ಸೆಕೆಂಡು ತಪ್ಪಿದರೆ ಏನೂ ತಿಳಿಯದು. ದೀರ್ಘ ವಾರ್ತೆಗೆ ಅದು ಒದಗದು. ದಾರಿ ತೆರೆದಿದೆಯೇ ಎಂದು ನೋಡಲು ಮಾತ್ರ ಬಹಳ ಒಳ್ಳೆಯದು.

ಈ ತಂತ್ರಾಂಶಗಳ ಮೂಲಲೇಖವು ಬಹಿರಂಗವಾದುದು. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಅವು ನಡೆಯುವ ಲಿನಕ್ಸ್ ವ್ಯವಸ್ಥೆಯೂ ಅಂತಹುದೇ. ಬೆಲೆಯಿಲ್ಲವೆಂಬುದನ್ನೇ ಜನರು ದೊಡ್ಡದು ಮಾಡುತ್ತಾರೆ. ತಿದ್ದಬಹುದೆಂಬುದೇ ದೊಡ್ಡ ಮಾತೆಂದು ನನ್ನ ಮತ.

ಏಕೆಂದರೆ, ಒಳ್ಳೆಯ ರೇಡಿಯೋ ಮೂವತ್ತು ನಾಲ್ವತ್ತು ವರ್ಷ ಬಾಳೀತು. ಅದನ್ನು ನಡೆಸುವ ತಂತ್ರಾಂಶವಾದರೋ ಮುಟ್ಟದೆ ಬಿಟ್ಟರೆ ಐದಾರು ವರ್ಷದಲ್ಲಿಯೇ ನಿಂತುಹೋಗಬಹುದು. ಅದು ಸವೆಯುವುದರಿಂದಲ್ಲ, ಅದರ ಕೆಳಗಿನ ನೆಲವು ಸರಿಯುವುದರಿಂದ. ‘ಚರ್ಪ್’ ಎಂಬ ತಂತ್ರಾಂಶದ ವೃತ್ತಾಂತವನ್ನು ನೋಡಿರಿ. ಕೈರೇಡಿಯೋಗಳಲ್ಲಿ ತರಂಗಾಂತರಗಳನ್ನು ತುಂಬುವ ಬಹೂಪಯೋಗಿ ಸಾಧನವಿದು. ಇದನ್ನು ಬರೆದಿದ್ದುದು ಪೈಥಾನ್ ಎಂಬ ಗಣಕಭಾಷೆಯ ಎರಡನೆಯ ರೂಪದಲ್ಲಿ. 2020ನೆಯ ಜನವರಿಯಿಂದ ಆ ರೂಪಕ್ಕೆ ಪೋಷಣೆ ನಿಂತಿತು. ಅದೇ ವರ್ಷದ ಉಬುಂಟು ಭಂಡಾರದಲ್ಲಿ ಚರ್ಪ್ ಕಾಣಲಿಲ್ಲ! ರೇಡಿಯೋ ಕೆಟ್ಟಿರಲಿಲ್ಲ, ತಂತ್ರಾಂಶದಲ್ಲಿ ಹೊಸ ದೋಷ ಹುಟ್ಟಿರಲಿಲ್ಲ. ಭಾಷೆಯೇ ಹಿಂದೆ ಬಿದ್ದಿತ್ತು. ಅನಂತರ ಸ್ವಯಂಸೇವಕರು ಅದನ್ನು ಮೂರನೆಯ ರೂಪಕ್ಕೆ ಬರೆದು ತಂದರು. ಮೂಲಲೇಖವು ಗುಪ್ತವಾಗಿದ್ದರೆ ಹೊರಗಿನವರಿಗೆ ಅದು ಸಾಧ್ಯವಾಗುತ್ತಿರಲಿಲ್ಲ.

‘ಹ್ಯಾಮ್‌ಲಿಬ್’ ಎಂಬುದು ಮತ್ತೊಂದು. ಒಂದೊಂದು ಕಂಪನಿಯ ರೇಡಿಯೋವಿಗೆ ಒಂದೊಂದು ನುಡಿ. 2000ನೆಯ ಇಸವಿಯಲ್ಲಿ ಆರಂಭವಾದ ಈ ಹ್ಯಾಮ್‌ಲಿಬ್ ನೂರಾರು ರೇಡಿಯೋಗಳ ನುಡಿಯನ್ನು ಬಲ್ಲ ದುಭಾಷಿ. ಬೇರೆ ಹಲವು ತಂತ್ರಾಂಶಗಳು ಇದನ್ನೇ ನಂಬಿರುವುದರಿಂದ ಇದರಲ್ಲಿ ದೊಡ್ಡ ಬದಲಾವಣೆಯಾದಾಗ ಅವನ್ನೂ ಹೊಸದಾಗಿ ಕಟ್ಟಿ ಪರೀಕ್ಷಿಸಬೇಕು. 1993ರಲ್ಲಿ ಹುಟ್ಟಿದ ಡೆಬಿಯನ್ ಎಂಬ ವ್ಯವಸ್ಥೆಯಲ್ಲಿ ಹ್ಯಾಮ್ ತಂತ್ರಾಂಶಗಳಿಗೆಂದೇ ಪಾಲಕರ ಒಂದು ತಂಡವುಂಟು. ಆದರೆ ಪಾಲಕನ ಮನೆಯಲ್ಲಿ ಪ್ರತಿಯೊಂದು ಮಾದರಿಯ ರೇಡಿಯೋ ಇರುವುದೆಂತು? ರೇಡಿಯೋ ಇದ್ದವರು ಬರೆದು ತಿಳಿಸಿದರೇನೇ ದೋಷವು ಅವನ ಕಣ್ಣಿಗೆ ಬೀಳುವುದು.

ಅಂಕಿಗಳಿಗೂ ಪಾಲನೆ ಬೇಕು. ಬೆಂಗಳೂರಿನ ಇಸ್ರೋ ಕೇಂದ್ರದಲ್ಲಿ ಸಿದ್ಧವಾಗಿ 2005ನೆಯ ಮೇ 5ರಂದು ಶ್ರೀಹರಿಕೋಟೆಯಿಂದ ಏರಿದ ‘ಹ್ಯಾಮ್‌ಸ್ಯಾಟ್’ ಹವ್ಯಾಸಿಗಳ ಮಾತನ್ನು ಒಯ್ಯುತ್ತಿದ್ದ ಉಪಗ್ರಹ. ಅದು 2014ರ ಜುಲೈಯಲ್ಲಿ ಮೌನವಾಯಿತು. ಉಪಗ್ರಹವು ಯಾವಾಗ ತಲೆಯ ಮೇಲೆ ಬರುವುದೆಂದು ‘ಜಿಪ್ರೆಡಿಕ್ಟ್’ ಎಂಬ ತಂತ್ರಾಂಶವು ಗಣಿಸುತ್ತದೆ. ಅದರ ಕಕ್ಷೆಯ ಅಂಕಿಗಳು ಹಳತಾದರೆ ಹೊತ್ತು ತಪ್ಪುವುದು. ಸತ್ತ ಉಪಗ್ರಹದ ಹೆಸರನ್ನು ಪಟ್ಟಿಯಿಂದ ತೆಗೆಯದಿದ್ದರೆ ಅದರ ಉದಯಾಸ್ತಗಳನ್ನು ಹೇಳುತ್ತಲೇ ಇರುವುದು.

ಇದೆಲ್ಲ ದೂರದೇಶದವರ ಕೆಲಸವೆಂದು ತಿಳಿಯಬೇಡಿರಿ. 1956ರವರೆಗೆ ನಮ್ಮ ರಾಯಚೂರಿಗೆ ರಾಜಧಾನಿಯಾಗಿದ್ದ ಹೈದರಾಬಾದಿನ ಆಶರ್ ಫರ್ಹಾನರು ಸುಲಭವಾಗಿ ದೊರೆಯುವ ಬಿಡಿಭಾಗಗಳಿಂದ ‘ಬಿಟ್‌ಎಕ್ಸ್’ ಎಂಬ ರೇಡಿಯೋವನ್ನು ರಚಿಸಿದರು. ಸುರುಳಿ ಸುತ್ತುವುದಕ್ಕೆ ನಲ್ಲಿಯ ವಾಷರೇ ಸಾಕೆಂದರು. ಅವರ ‘ಎಸ್‌ಬಿಟ್‌ಎಕ್ಸ್’ ರೇಡಿಯೋವಿನೊಳಗೆ ಲಿನಕ್ಸ್ ನಡೆಸುವ ಪುಟ್ಟ ಗಣಕವೇ ಇದೆ. ಅದರ ಮೂಲಲೇಖವೂ ಬಹಿರಂಗ.

ಮುಂದೆ ಪರವಾನಗಿ ಪಡೆಯುವ ವಿದ್ಯಾರ್ಥಿನಿಯರು ಇಷ್ಟನ್ನು ಗಮನಿಸಬೇಕು. ಮಳೆಗಾಲ ಹತ್ತಿರವಾದಾಗ ವ್ಯವಸ್ಥೆಯನ್ನು ಹೊಸದಕ್ಕೆ ಬದಲಿಸಬಾರದು. ಬೇಸಗೆಯಲ್ಲಿಯೇ ಬದಲಿಸಿ, ರೇಡಿಯೋ ಜೋಡಿಸಿ, ನಿಜವಾಗಿ ವಾರ್ತೆ ಕಳುಹಿಸಿ ನೋಡತಕ್ಕದ್ದು. ಸರಿಯಾಗಿ ನಡೆದ ವ್ಯವಸ್ಥೆಯ ಪ್ರತಿಯೊಂದನ್ನು ಬೇರೆ ಕಾರ್ಡಿನಲ್ಲಿ ತೆಗೆದಿಡಬೇಕು. ನೆರೆಯಲ್ಲಿ ಅಂತರಜಾಲವಿರದು, ಗಡಿಯಾರವನ್ನು ತಿದ್ದಲು ಜಿಪಿಎಸ್ ಗ್ರಾಹಕವೊಂದಿರಲಿ. ದೋಷ ಕಂಡರೆ ‘ನಡೆಯುತ್ತಿಲ್ಲ’ ಎಂದಷ್ಟೇ ಬರೆದರೆ ಪಾಲಕನಿಗೆ ಪ್ರಯೋಜನವಿಲ್ಲ. ತಂತ್ರಾಂಶದ ಆವೃತ್ತಿಯ ಸಂಖ್ಯೆ, ರೇಡಿಯೋವಿನ ಮಾದರಿ, ಯಾವ ಗುಂಡಿಯನ್ನೊತ್ತಿದ ಮೇಲೆ ಏನಾಯಿತು, ತೆರೆಯ ಮೇಲೆ ಯಾವ ಮಾತು ಮೂಡಿತು ಎಂಬುದನ್ನು ಕ್ರಮವಾಗಿ ಬರೆದು ಕಳುಹಿಸಬೇಕು.