ಬಡಾವಣೆಯ ಬೀದಿಯಲ್ಲಿ ನಿಂತ ಲಾರಿ: ವೆಚ್ಚ ಯಾರ ಲೆಕ್ಕಕ್ಕೆ?

ಪೀಣ್ಯ ಕೈಗಾರಿಕಾ ಪ್ರದೇಶವು ಎಪ್ಪತ್ತರ ದಶಕದಲ್ಲಿ ರೂಪುಗೊಂಡಾಗ ಅದು ಬೆಂಗಳೂರಿನ ಹೊರವಲಯವಾಗಿತ್ತು. ಇಂದು ಲಗ್ಗೆರೆ, ರಾಜಗೋಪಾಲನಗರ ಮೊದಲಾದ ಬಡಾವಣೆಗಳು ಅದಕ್ಕೆ ಒತ್ತಾಗಿ ಬೆಳೆದಿವೆ. ಸರಕು ಇಳಿಸಲು ಬಂದ ಹತ್ತು, ಹನ್ನೆರಡು ಚಕ್ರದ ಲಾರಿಗಳು ಮನೆಗಳ ಮುಂದಿನ ರಸ್ತೆಯಲ್ಲಿಯೇ ರಾತ್ರಿ ಕಳೆಯುತ್ತವೆ. ರಸ್ತೆ ದಾಟುವ ಮಕ್ಕಳಿಗೆ ಎದುರಿನಿಂದ ಬರುವ ವಾಹನ ಕಾಣದು, ಚಾಲಕನಿಗೋ ಶೌಚಾಲಯವಿಲ್ಲ. ಈ ನಿಲುಗಡೆಯನ್ನು ನಿರ್ಬಂಧಿಸಬೇಕೆಂಬ ನಿವಾಸಿಗಳ ಬೇಡಿಕೆಯನ್ನು ವ್ಯಾಪಾರ ವಿರೋಧಿಯೆಂದು ತಳ್ಳಿಹಾಕುವುದು ಸಾಧುವಲ್ಲ.

1988ರ ಮೋಟಾರು ವಾಹನಗಳ ಅಧಿನಿಯಮದ 115ನೇ ಪ್ರಕರಣವು ನಿರ್ದಿಷ್ಟ ಪ್ರದೇಶ ಅಥವಾ ರಸ್ತೆಯಲ್ಲಿ ವಾಹನಗಳ ಬಳಕೆಯನ್ನು ನಿರ್ಬಂಧಿಸುವ ಅಧಿಕಾರವನ್ನು ನೀಡಿದೆ. ಸ್ಥಳೀಯ ಸಂಸ್ಥೆಯೊಡನೆ ಸಮಾಲೋಚಿಸಿ ವಾಹನಗಳು ನಿಲ್ಲಬಹುದಾದ ಸ್ಥಳಗಳನ್ನು ಗೊತ್ತುಪಡಿಸುವ ಅಧಿಕಾರ 117ನೇ ಪ್ರಕರಣದಲ್ಲಿದೆ. ಮೊದಲನೆಯದನ್ನು ಚಲಾಯಿಸುವಷ್ಟು ಉತ್ಸಾಹ ಎರಡನೆಯದರಲ್ಲಿ ಕಾಣುವುದಿಲ್ಲ. ನಮ್ಮ ಆಕ್ಷೇಪಣೆ ಇರಬೇಕಾದದ್ದು ಇಲ್ಲಿ.

ಆದರೆ ಲಾರಿಗಳು ಕಾಯುವುದಕ್ಕೆ ನಗರ ಪ್ರವೇಶದ ವೇಳೆಯ ನಿರ್ಬಂಧವೊಂದೇ ಕಾರಣವಲ್ಲ. ಗೋದಾಮಿನಲ್ಲಿ ಸ್ಥಳವಿಲ್ಲ, ಹಮಾಲರು ಬಂದಿಲ್ಲ, ಸ್ಟೋರ್ಸ್ ಗುಮಾಸ್ತರು ರಜೆಯಲ್ಲಿದ್ದಾರೆ ಎಂಬ ನಮ್ಮದೇ ಕಾರಣಗಳೂ ಇವೆ. ಹಾಲ್ಟಿಂಗ್ ಚಾರ್ಜ್ ಕೇಳಿದ ಸಾಗಣೆದಾರರೊಡನೆ ವಾದಿಸುವ ನಾವು, ಸಾರ್ವಜನಿಕ ರಸ್ತೆಯನ್ನು ಬಾಡಿಗೆಯಿಲ್ಲದ ಗೋದಾಮಿನಂತೆ ಬಳಸುತ್ತಿದ್ದೇವೆ ಎಂಬುದನ್ನು ಮರೆಯುತ್ತೇವೆ.

ಹೀಗೆ ಕಾಯಿಸುವುದರಲ್ಲಿರುವ ತೆರಿಗೆಯ ಅಪಾಯವನ್ನು ವರ್ತಕ ಬಾಂಧವರು ಗಮನಿಸಬೇಕು. 2021ರ ಜನವರಿ 1ರಿಂದ ಸಾಮಾನ್ಯ ಸರಕಿನ ಇ-ವೇ ಬಿಲ್ಲಿಗೆ ಪ್ರತಿ 200 ಕಿ.ಮೀ.ಗೆ ಒಂದು ದಿನದ ಮಾನ್ಯತೆಯಿದೆ. ಹೊಸೂರಿನಿಂದ ಪೀಣ್ಯಕ್ಕೆ ಶನಿವಾರ ಸಂಜೆ ಬಿಲ್ಲು ಸೃಷ್ಟಿಸಿದರೆ ಅದು ಭಾನುವಾರ ಮಧ್ಯರಾತ್ರಿಗೆ ಮುಗಿಯುತ್ತದೆ. ಸೋಮವಾರ ಬೆಳಿಗ್ಗೆ ಬೀದಿಯಿಂದ ಹೊರಟ ಲಾರಿಯ ಬಳಿ ಇರುವುದು ಅವಧಿ ಮೀರಿದ ಬಿಲ್ಲು. ಮುಗಿಯುವ ಮೊದಲಿನ ಅಥವಾ ನಂತರದ 8 ಗಂಟೆಗಳೊಳಗೆ ಅವಧಿಯನ್ನು ವಿಸ್ತರಿಸಬಹುದಾದರೂ ನಿಯಮವು ಅಸಾಧಾರಣ ಸಂದರ್ಭವನ್ನು ಕೇಳುತ್ತದೆ. ಗೋದಾಮಿನ ವಾರದ ರಜೆ ಅಂತಹ ಸಂದರ್ಭವೆಂದು ವಾದಿಸುವುದು ಸುಲಭವಲ್ಲ. ಸರಕನ್ನು ತಡೆಹಿಡಿದರೆ, ಮಾಲೀಕರು ಮುಂದೆ ಬಂದರೂ ತೆರಿಗೆಯ ಶೇ. 200ರಷ್ಟು ದಂಡ. ಶೇ. 18ರ ದರದ 5 ಲಕ್ಷ ರೂ. ಸರಕಿಗೆ ಇದು 1,80,000 ರೂ.

ತೆಲಂಗಾಣದಲ್ಲಿ 2020ರ ಜನವರಿಯಲ್ಲಿ ಹೀಗೆಯೇ ಆಯಿತು. ಪ್ರತಿಭಟನೆಯಿಂದ ಸಂಚಾರ ಕಟ್ಟಿದ್ದರಿಂದ ಶನಿವಾರ ತಲುಪಬೇಕಿದ್ದ ಕಾಗದದ ಸರಕು ಭಾನುವಾರವೂ ವಿತರಣೆಯಾಗಲಿಲ್ಲ. ಸೋಮವಾರ ತಡೆಹಿಡಿದ ಅಧಿಕಾರಿಗಳು 69,000 ರೂ. ವಸೂಲು ಮಾಡಿದರು. ಉಚ್ಚ ನ್ಯಾಯಾಲಯವು ಹಣ ಮರಳಿಸಲು ಆದೇಶಿಸಿತು. 2022ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ವರ್ತಕರು ಗೆದ್ದರು, ನಿಜ. ಆದರೆ ಎರಡು ವರ್ಷಗಳ ವ್ಯಾಜ್ಯಕ್ಕೆ ನಮ್ಮಲ್ಲೆಷ್ಟು ಮಂದಿ ಸಿದ್ಧರಿದ್ದಾರೆ?

ಇನ್ನು ಲೆಕ್ಕಪತ್ರದ ಮಾತು. ಕಾನೂನು ಉಲ್ಲಂಘನೆಗೆ ತೆತ್ತ ದಂಡವನ್ನು ವ್ಯಾಪಾರದ ವೆಚ್ಚವಾಗಿ ಕಳೆಯಲು ಆದಾಯ ತೆರಿಗೆಯಲ್ಲಿ ಅವಕಾಶವಿಲ್ಲ. 1961ರ ಅಧಿನಿಯಮದ ಈ ತತ್ವವನ್ನು 2025ರ ಹೊಸ ಅಧಿನಿಯಮವೂ ಉಳಿಸಿಕೊಂಡಿದೆ. ರಸೀದಿ ಪಡೆದು ಕೊಟ್ಟ ನಿಲುಗಡೆ ಶುಲ್ಕವಾದರೋ ವೆಚ್ಚವೇ. ದಂಡವನ್ನು ‘ಲಾರಿ ಖರ್ಚು’ ಎಂದು ಬರೆಯುವ ಪರಿಪಾಠವನ್ನು ನಮ್ಮ ಗುಮಾಸ್ತರು ಬಿಡಬೇಕು.

ಯಶವಂತಪುರದ ದೇವರಾಜ ಅರಸು ಟ್ರಕ್ ಟರ್ಮಿನಲ್ ಪೀಣ್ಯಕ್ಕೆ ಸಮೀಪದಲ್ಲಿಯೇ ಇದೆ. ಗೋದಾಮಿನಿಂದ ಕರೆ ಬರುವವರೆಗೆ ಲಾರಿಯು ಅಂತಹ ಸ್ಥಳದಲ್ಲಿ ನಿಲ್ಲತಕ್ಕದ್ದೆಂದೂ, ಸರಕು ಇಳಿಸುವ ವೇಳೆ ಇಂತಿಷ್ಟೆಂದೂ, ಶುಲ್ಕ ಯಾರದೆಂದೂ ಖರೀದಿ ಆದೇಶದಲ್ಲಿಯೇ ನಮೂದಿಸಬಹುದು. ನಿಷೇಧದ ಅಧಿಸೂಚನೆಗೆ ಆಕ್ಷೇಪಣೆ ಸಲ್ಲಿಸುವ ಸದಸ್ಯರು 117ನೇ ಪ್ರಕರಣದಡಿ ಗೊತ್ತುಪಡಿಸಬಹುದಾದ ಜಾಗಗಳ ಸರ್ವೆ ಸಂಖ್ಯೆ ಸಹಿತ ಪಟ್ಟಿಯನ್ನು ಮನವಿಯೊಡನೆ ಲಗತ್ತಿಸುವುದು ಒಳಿತು.